ಬಂದವರ ಮಾತು, ಊರಿನ ಮತ



ನಮ್ಮ ಭಾಷೆಯಲ್ಲಿ ‘ಮತ’ವೆಂಬ ಒಂದೇ ಶಬ್ದವು ಮೂರು ಕೆಲಸಗಳನ್ನು ಮಾಡುತ್ತದೆ. ಮನುಷ್ಯನು ಹುಟ್ಟಿನಿಂದ ಪಡೆದು ಆಚರಿಸುವ ಧರ್ಮವೂ ಮತವೇ. ಲೋಕವ್ಯವಹಾರವನ್ನು ನೋಡಿ ತಾನಾಗಿ ತಳೆಯುವ ಅಭಿಪ್ರಾಯವೂ ಮತವೇ. ಚುನಾವಣೆಯ ದಿನ ಗುಟ್ಟಾಗಿ ಸಲ್ಲಿಸುವ ಒಪ್ಪಿಗೆಯೂ ಮತವೇ. ನೆಮ್ಮದಿಯ ಕಾಲದಲ್ಲಿ ಈ ಮೂರೂ ಬೇರೆ ಬೇರೆಯಾಗಿ ನಿಲ್ಲುತ್ತವೆ. ಒಬ್ಬನ ಧರ್ಮವನ್ನು ತಿಳಿದ ಮಾತ್ರಕ್ಕೆ ಬಾವಿ, ರಸ್ತೆ, ಶಾಲೆಗಳ ವಿಷಯದಲ್ಲಿ ಅವನ ಅಭಿಪ್ರಾಯವೇನೆಂದು ಹೇಳಲಾಗದು. ಅಭಿಪ್ರಾಯವನ್ನು ತಿಳಿದ ಮಾತ್ರಕ್ಕೆ ಅವನ ಓಟು ಯಾರಿಗೆಂದು ಹೇಳಲಾಗದು. ಆದರೆ ಮನೆಮಠಗಳನ್ನು ಕಳೆದುಕೊಂಡ ಜನರ ಗುಂಪೊಂದು ಊರಿನ ಬಾಗಿಲಿಗೆ ಬಂದು ನಿಂತ ದಿನ ಈ ಮೂರರ ನಡುವಣ ಗೋಡೆಗಳು ಅದುರಲಾರಂಭಿಸುತ್ತವೆ. ಆ ಗೋಡೆಗಳು ಬೀಳುವುವೋ ನಿಲ್ಲುವುವೋ ಎಂಬುದು ಬಂದವರ ಸಂಖ್ಯೆಯನ್ನು ಅಷ್ಟಾಗಿ ಅವಲಂಬಿಸಿಲ್ಲ. ಅವರ ಕಥೆಯನ್ನು ಊರು ಯಾರ ಬಾಯಿಂದ ಕೇಳಿತು, ಅವರ ಕಷ್ಟಕ್ಕೆ ಯಾರು ಮೊದಲು ಓಗೊಟ್ಟರು ಎಂಬುದೇ ಹೆಚ್ಚಿನ ಮಾತು. ಕಲಬುರ್ಗಿ ಜಿಲ್ಲೆಯ ಐದು ಊರುಗಳನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಮಾಡುವುದೇ ಈ ಭಾಷಣದ ಉದ್ದೇಶ.

ಮೊದಲು ಆ ಊರುಗಳ ನೆಲೆಯನ್ನು ನೆನಪಿಗೆ ತಂದುಕೊಳ್ಳೋಣ. ಮುಂಬಯಿಯಿಂದ ಸೊಲ್ಲಾಪುರ, ಕಲಬುರ್ಗಿಗಳ ಮೇಲೆ ರಾಯಚೂರಿನ ಕಡೆಗೆ ಸಾಗುವ ರೈಲುದಾರಿಯಲ್ಲಿ ಶಹಾಬಾದು ಮತ್ತು ವಾಡಿ ಇವೆ. ೧೮೭೪ರಲ್ಲಿ ನಿಜಾಮರ ಸಂಸ್ಥಾನದ ರೈಲುದಾರಿಯು ವಾಡಿಯಿಂದ ಕವಲೊಡೆದು ಸಿಕಂದರಾಬಾದನ್ನು ಮುಟ್ಟಿತು; ಆ ಕವಲಿನ ಮೇಲೆ ಚಿತ್ತಾಪುರವೂ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ನಿಲ್ದಾಣವೂ, ಸೇಡಂ ಪಟ್ಟಣವೂ ಸಿಗುತ್ತವೆ. ಚಿಂಚೋಳಿಯಾದರೋ ರೈಲುದಾರಿಯಿಂದ ದೂರವಾಗಿ, ತೆಲುಗು ಸೀಮೆಗೆ ಅಂಟಿಕೊಂಡಿರುವ ಗುಡ್ಡಗಾಡಿನ ತಾಲ್ಲೂಕು. ವಾಡಿಯು ಜನರು ಗಾಡಿ ಬದಲಿಸಿ ಹಾಯ್ದುಹೋಗುವ ಊರು. ಶಹಾಬಾದು ಜನರು ಬಂದು ನಿಲ್ಲುವ ಊರು. ಅಲ್ಲಿಯ ಪರಸಿ ಕಲ್ಲಿನ ಗಣಿಗಳೂ, ೧೯೨೦ರ ದಶಕದಲ್ಲಿ ತಲೆಯೆತ್ತಿದ ಸಿಮೆಂಟು ಕಾರ್ಖಾನೆಯೂ ನಾನಾ ಕಡೆಯ ದುಡಿಮೆಗಾರರನ್ನು ಒಂದೆಡೆ ಸೇರಿಸಿದವು. ಸೇಡಂ, ಚಿತ್ತಾಪುರಗಳು ತೊಗರಿ ಜೋಳಗಳ ಸೀಮೆಯ ಪೇಟೆಗಳು. ಅಲ್ಲಿ ರೈತನಿಗೂ ವರ್ತಕನಿಗೂ ಲೇವಾದೇವಿಯ ನಂಟು. ಚಿಂಚೋಳಿಯಂಥ ಕಡೆಗೆ ಬಹಳ ವೇಳೆ ಬಂದು ತಲಪುತ್ತಿದ್ದುದು ನಿರಾಶ್ರಿತನಲ್ಲ, ಅವನನ್ನು ಕುರಿತ ಸುದ್ದಿ. ಹಾಯ್ದುಹೋಗುವ ಊರು, ನಿಲ್ಲುವ ಊರು, ಸುದ್ದಿ ಮಾತ್ರ ತಲಪುವ ಊರು ಎಂಬ ಈ ವಿಭಾಗವನ್ನು ಶ್ರೋತೃಗಳು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇನೆ.

೧೯೪೭ ಮತ್ತು ೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಒಂದರ ಮೇಲೊಂದರಂತೆ ಮೂರು ಜನಪ್ರವಾಹಗಳನ್ನು ಕಂಡಿತು. ದೇಶವಿಭಜನೆಯ ಗಲಭೆಗಳಿಂದ ಭೀತರಾದ ಮುಸ್ಲಿಮರು ಸುತ್ತಣ ಪ್ರಾಂತಗಳಿಂದ ನಿಜಾಮರ ರಾಜ್ಯದಲ್ಲಿ ಆಶ್ರಯ ಸಿಕ್ಕೀತೆಂದು ಬಂದುದು ಮೊದಲನೆಯದು. ಅವರು ತಂದ ದುಃಖದ ಕಥೆಗಳು ಸುಳ್ಳಲ್ಲ. ಆದರೆ ಆ ಕಥೆಗಳನ್ನು ಎತ್ತಿಕೊಂಡು ಊರೂರಿಗೆ ಸಾರಿದವರಲ್ಲಿ ಮುಂದಾಳಾದವನು ಲಾತೂರಿನ ವಕೀಲ ಕಾಸಿಂ ರಜವಿ. ಅವನು ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯ ನಾಯಕನಾಗಿ ರಜಾಕಾರರ ದಳವನ್ನು ಬೆಳೆಸಿದನು. ಹೊರಗಿನಿಂದ ಬಂದವನ ಭಯವು ಒಳಗಿರುವವನ ಆಯುಧವಾಯಿತು.

ಅದರ ಫಲವೇ ಎರಡನೆಯ ಪ್ರವಾಹ. ೧೯೪೭ನೆಯ ನವೆಂಬರ್ ೨೯ರಂದು ಭಾರತ ಸರ್ಕಾರಕ್ಕೂ ನಿಜಾಮರಿಗೂ ಯಥಾಸ್ಥಿತಿ ಒಪ್ಪಂದವಾದರೂ ಹಳ್ಳಿಗಳಲ್ಲಿ ಶಾಂತಿ ನೆಲೆಸಲಿಲ್ಲ. ರಜಾಕಾರರ ಸುಲಿಗೆ, ಕೊಲೆ, ಬೆಂಕಿಗಳಿಗೆ ಹೆದರಿ ಕಲಬುರ್ಗಿ, ಬೀದರ, ರಾಯಚೂರು ಜಿಲ್ಲೆಗಳ ಸಹಸ್ರಾರು ಕುಟುಂಬಗಳು ಗಡಿದಾಟಿ ಸೊಲ್ಲಾಪುರ, ಬಿಜಾಪುರ, ಧಾರವಾಡ, ಬಳ್ಳಾರಿಗಳ ಕಡೆಗೆ ನಡೆದವು. ೧೯೪೮ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡದ ಹೆಸರು ಹೇಳಿದರೆ ಇಂದಿಗೂ ಆ ಸೀಮೆಯ ವೃದ್ಧರು ಮೌನವಾಗುವರು. ಗಡಿಯ ಆಚೆ ಈ ಜನರಿಗೆ ಅನ್ನವನ್ನೂ ನೆರಳನ್ನೂ ಒದಗಿಸಿ, ಜೊತೆಗೆ ಪ್ರತಿಭಟನೆಯನ್ನೂ ಸಂಘಟಿಸಿದ ಗಡಿ ಶಿಬಿರಗಳು ಹುಟ್ಟಿಕೊಂಡವು. ಅಳವಂಡಿಯ ಶಿವಮೂರ್ತಿ ಸ್ವಾಮಿಗಳು ಮುಂಡರಗಿಯಲ್ಲಿ ನಡೆಸಿದ ಶಿಬಿರವು ಇವುಗಳಲ್ಲಿ ಪ್ರಸಿದ್ಧವಾದುದು.

೧೯೪೮ನೆಯ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯವು ಸಂಸ್ಥಾನವನ್ನು ಹೊಕ್ಕಿತು. ೧೭ರಂದು ನಿಜಾಮರ ಪಕ್ಷವು ಶರಣಾಯಿತು. ಓಡಿಹೋಗಿದ್ದವರು ಹಿಂದಿರುಗಿದರು. ಆದರೆ ಅದೇ ವಾರಗಳಲ್ಲಿ ಮೂರನೆಯ ಪ್ರವಾಹವೂ ಹೊರಟಿತು. ರಜಾಕಾರರ ಪಾಪಕ್ಕೆ ಸಂಬಂಧವೇ ಇಲ್ಲದ ಮುಸ್ಲಿಮರ ಮೇಲೆ ಪ್ರತೀಕಾರವು ಇಳಿಯಿತು. ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನೊಳಗೊಂಡ ಸಮಿತಿಯು ೧೯೪೮ರ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಸಂಸ್ಥಾನದ ೧೬ ಜಿಲ್ಲೆಗಳ ಪೈಕಿ ೯ರಲ್ಲಿ ಸಂಚರಿಸಿ, ೨೭,೦೦೦ದಿಂದ ೪೦,೦೦೦ ಜನರು ಪ್ರಾಣ ಕಳೆದುಕೊಂಡಿರಬೇಕೆಂದು ಅಂದಾಜುಮಾಡಿತು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದುದು ಉಸ್ಮಾನಾಬಾದು, ಕಲಬುರ್ಗಿ, ಬೀದರ, ನಾಂದೇಡಗಳನ್ನು. ಉಳಿದವರಲ್ಲಿ ಅನೇಕರು ಊರು ಬಿಟ್ಟು ಹೈದರಾಬಾದು ನಗರವನ್ನು ಸೇರಿದರು. ಈ ವರದಿಯು ಬಹುಕಾಲ ಪ್ರಕಟವಾಗದೆ ಉಳಿಯಿತು.

ಈಗ ಲೋಕಾಭಿಪ್ರಾಯದ ದೃಷ್ಟಿಯಿಂದ ಈ ಮೂರು ಪ್ರವಾಹಗಳನ್ನು ಹೋಲಿಸಿ ನೋಡೋಣ. ದುಃಖವು ಮೂರರಲ್ಲಿಯೂ ದುಃಖವೇ. ಆದರೆ ಅದರ ಕಥೆಗೆ ದೊರೆತ ಗತಿ ಒಂದೇ ಆಗಲಿಲ್ಲ. ಮೊದಲನೆಯವರ ಕಥೆಯನ್ನು ಒಂದು ಉಗ್ರಸಂಘಟನೆಯು ವಶಪಡಿಸಿಕೊಂಡಿತು. ಎರಡನೆಯವರ ಕಥೆಗೆ ಶಿಬಿರಗಳಿದ್ದವು, ಮುಖಂಡರಿದ್ದರು, ಗಡಿಯಾಚೆಯ ಪತ್ರಿಕೆಗಳಿದ್ದವು. ಅದು ಬಹಿರಂಗವಾಗಿ ಹೇಳಬಹುದಾದ ಕಥೆಯಾಯಿತು, ಹೆಮ್ಮೆಯ ಕಥೆಯೂ ಆಯಿತು. ಮೂರನೆಯವರ ಕಥೆಗೆ ಕೇಳುವವರೇ ಇರಲಿಲ್ಲ. ಅದು ಮನೆಯೊಳಗಿನ ಪಿಸುಮಾತಾಗಿ ಉಳಿಯಿತು. ಹೇಳಿದ ಕಥೆಯು ಊರಿನ ಅಭಿಪ್ರಾಯವನ್ನು ತಿದ್ದುವಂತೆ ಹೇಳದೆ ಉಳಿದ ಕಥೆಯೂ ತಿದ್ದುತ್ತದೆ. ಒಂದು ಬೀದಿಯವರಿಗೆ ೧೯೪೮ ಎಂದರೆ ಬಿಡುಗಡೆ, ಪಕ್ಕದ ಬೀದಿಯವರಿಗೆ ಅದೇ ವರ್ಷ ಅನಾಥತೆ. ಎರಡು ಬೀದಿಗಳೂ ಪರಸ್ಪರ ಮಾತಾಡದೆ ಒಂದೇ ಮತಗಟ್ಟೆಗೆ ಹೋಗುತ್ತವೆ.

ಆದರೆ ಧರ್ಮವೇ ಅಭಿಪ್ರಾಯವನ್ನು ನಿರ್ಣಯಿಸಿತೆಂದು ತಿಳಿಯುವುದು ತಪ್ಪು. ‘ಇಮ್ರೋಜ್’ ಎಂಬ ಉರ್ದೂ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರನ್ನು ನಿರ್ಭಯವಾಗಿ ಖಂಡಿಸಿ, ೧೯೪೮ರ ಆಗಸ್ಟಿನಲ್ಲಿ ಅದಕ್ಕಾಗಿಯೇ ಕೊಲೆಯಾದರು. ಸುಂದರಲಾಲ್ ಸಮಿತಿಯ ವರದಿಯಲ್ಲಿಯೂ ಮನಸ್ಸಿಗೆ ನಾಟುವ ಒಂದು ಮಾತುಂಟು: ನೆರೆಯ ಮುಸ್ಲಿಮರನ್ನು ಪ್ರಾಣವನ್ನೊಡ್ಡಿ ಕಾಪಾಡಿದ ಹಿಂದುಗಳು ಅನೇಕ ಕಡೆ ಇದ್ದರು, ಒಂದೇ ಕಸುಬಿನವರಲ್ಲಿ, ವಿಶೇಷವಾಗಿ ನೇಕಾರರಲ್ಲಿ, ಈ ಬಂಧುಭಾವವು ಎದ್ದು ಕಾಣುತ್ತಿತ್ತು. ಮಗ್ಗದ ಮುಂದೆ ಜೊತೆಯಾಗಿ ಕುಳಿತವನನ್ನು ಕೇವಲ ಒಂದು ಮತದವನೆಂದು ನೋಡುವುದು ಸುಲಭವಲ್ಲ. ಅವನ ಹೆಸರು, ಅವನ ಸಾಲ, ಅವನ ಮಗಳ ಮದುವೆ ಎಲ್ಲವೂ ತಿಳಿದಿರುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಯೂರೋಪಿನ ವಿದ್ವಾಂಸರು ಲೆಕ್ಕಹಾಕಿ ಕಂಡುಕೊಂಡ ಸಂಗತಿಯೂ ಇದಕ್ಕೆ ಸಮೀಪವಾಗಿದೆ. ೨೦೧೫ರಲ್ಲಿ ಸಿರಿಯಾ ಮೊದಲಾದ ದೇಶಗಳ ನಿರಾಶ್ರಿತರು ಗ್ರೀಸಿನ ದ್ವೀಪಗಳಲ್ಲಿ ಇಳಿದು ಒಳನಾಡಿಗೆ ಹೋದರು. ಅವರು ಆ ದ್ವೀಪಗಳಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಯಾರ ಕೆಲಸವನ್ನೂ ಕಸಿಯಲಿಲ್ಲ. ಆದರೂ ಅವರು ಬಂದಿಳಿದ ದ್ವೀಪಗಳಲ್ಲಿ ಪರದ್ವೇಷವನ್ನು ಸಾರುವ ಪಕ್ಷವೊಂದರ ಮತಗಳು ಸುಮಾರು ಶೇಕಡಾ ೨ರಷ್ಟು ಏರಿದವು. ಆಸ್ಟ್ರಿಯಾ ದೇಶದ ಉತ್ತರ ಪ್ರಾಂತವೊಂದರಲ್ಲಿ ನಡೆದ ಅಧ್ಯಯನವು ಇನ್ನೂ ಸ್ವಾರಸ್ಯವಾದುದು. ನಿರಾಶ್ರಿತರು ಸುಮ್ಮನೆ ಹಾಯ್ದುಹೋದ ಊರುಗಳಲ್ಲಿ ಅವರ ವಿರೋಧಿ ಪಕ್ಷಕ್ಕೆ ಬಲ ಹೆಚ್ಚಿತು. ಅವರು ನೆಲೆನಿಂತು, ಅಂಗಡಿಯಲ್ಲಿ ಶಾಲೆಯಲ್ಲಿ ಮುಖಾಮುಖಿಯಾದ ಊರುಗಳಲ್ಲಿ ಅಷ್ಟು ಹೆಚ್ಚಲಿಲ್ಲ. ನೋಡಿ ಹೋದವನನ್ನು ಕುರಿತು ಭಯ ಬೆಳೆಯುತ್ತದೆ; ಜೊತೆಗಿದ್ದವನನ್ನು ಕುರಿತು ಬಳಕೆ ಬೆಳೆಯುತ್ತದೆ.

ನಮ್ಮ ಐದು ಊರುಗಳಿಗೆ ಇದನ್ನು ಅನ್ವಯಿಸಿ ನೋಡಬಹುದು. ವಾಡಿಯ ಪ್ಲಾಟುಫಾರಮಿನ ಮೇಲೆ ಗಂಟು ಮೂಟೆಗಳೊಡನೆ ಕುಳಿತ ಕುಟುಂಬವನ್ನು ಕಂಡವನಿಗೆ ಅವರ ಮುಖ ಕಂಡೀತೇ ಹೊರತು ಪೂರ್ವಾಪರ ತಿಳಿಯದು. ಗಾಡಿ ಹೊರಟ ಮೇಲೆ ಉಳಿಯುವುದು ಊಹೆ. ಶಹಾಬಾದಿನ ಗಣಿಯಲ್ಲಿ ಒಂದೇ ಬಂಡೆಗೆ ಎರಡು ಕಡೆ ಉಳಿ ಹಿಡಿದವರಿಗೆ ಊಹೆಗೆ ಬಿಡುವಿಲ್ಲ. ಚಿಂಚೋಳಿಯ ಸಂತೆಯಲ್ಲಿ ಕೇಳಿದವನಿಗಾದರೋ ಊಹೆಯ ಮೇಲೆ ಊಹೆ. ‘ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು’ ಎಂದು ನಮ್ಮ ಹಿರಿಯರು ಹೇಳಿರುವಾಗ, ಕಿವಿಯಿಂದ ಕೇಳಿದುದರ ಗತಿಯನ್ನು ಹೇಳತಕ್ಕದ್ದೇನು? ಆ ದಿನಗಳಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೋ ನಿಜಾಂ ಸರ್ಕಾರದ ಕೈಯಲ್ಲಿದ್ದಿತು. ೧೯೫೦ರಲ್ಲಿ ಅದು ಭಾರತದ ಆಕಾಶವಾಣಿಗೆ ಸೇರಿತು. ರೇಡಿಯೋ ಯಂತ್ರವು ನಿಲ್ದಾಣದ ಗಾಳಿಮಾತನ್ನು ಒಂದೇ ಸಂಜೆ ನೂರು ಹಳ್ಳಿಗೆ ಮುಟ್ಟಿಸಬಲ್ಲುದು, ಅದೇ ಸಂಜೆ ತಡೆಯಲೂಬಲ್ಲುದು ಎಂಬುದನ್ನು ರೇಡಿಯೋ ಕೇಳುವ ನಾವು ಮರೆಯಬಾರದು.

ಇನ್ನು ಚುನಾವಣೆಯ ಮಾತು. ನಿಜಾಮರ ಆಳಿಕೆಯಲ್ಲಿ ವಯಸ್ಕರೆಲ್ಲರಿಗೂ ಮತವೆಂಬುದು ಇರಲಿಲ್ಲ. ೧೯೩೯ರಲ್ಲಿ ಸಾರಿದ ಸುಧಾರಣೆಗಳು ಊರುಗಳಿಗೆ ಪ್ರಾತಿನಿಧ್ಯ ಕೊಡದೆ ಜಮೀನುದಾರರು, ವರ್ತಕರು ಮುಂತಾದ ಹಿತವರ್ಗಗಳಿಗೆ ಕೊಟ್ಟವು. ಆದುದರಿಂದ ಸೇಡಮ್ಮಿನ ಕೂಲಿಯೂ ಚಿತ್ತಾಪುರದ ವಕೀಲನೂ ಸಮಾನ ತೂಕದ ಮತವನ್ನು ಮೊದಲ ಸಲ ಹಾಕಿದುದು ೧೯೫೨ರ ಮಹಾಚುನಾವಣೆಯಲ್ಲಿ.

ಮತದಾರರ ಪಟ್ಟಿ ಎಂಬುದು ನೋಡಲು ನೀರಸವಾದ ಕಾಗದ. ಆದರೆ ನಿರಾಶ್ರಿತನ ಹಣೆಬರಹವು ಅದರಲ್ಲಿ ಅಡಗಿದೆ. ಊರು ಬಿಟ್ಟವನ ಮತವು ಎರಡು ಕಡೆ ಕಳೆಯುತ್ತದೆ: ಬಿಟ್ಟ ಊರಿನ ಪಟ್ಟಿಯಿಂದ ಅವನ ಹೆಸರು ಹೋಗುತ್ತದೆ, ಸೇರಿದ ಊರಿನ ಪಟ್ಟಿಗೆ ಅದು ಬೇಗ ಬರುವುದಿಲ್ಲ. ಇದರಿಂದ ಬಂದ ಊರಿನ ಮತದಾರವರ್ಗದ ಹಾಗೆಯೇ ಬಿಟ್ಟ ಊರಿನ ಮತದಾರವರ್ಗವೂ ಬದಲಾಗುತ್ತದೆ. ಈ ಎರಡನೆಯ ಬದಲಾವಣೆಯನ್ನು ಯಾರೂ ಗಮನಿಸುವುದಿಲ್ಲ. ೧೯೪೮ರಲ್ಲಿ ಭಾರತದ ಸಂವಿಧಾನ ಸಭೆಯ ಕಾರ್ಯಾಲಯವು ದೇಶದ ಮತದಾರರ ಪಟ್ಟಿಯನ್ನು ಸಿದ್ಧಪಡಿಸಲು ಆರಂಭಿಸಿದಾಗ, ೧೮೦ ದಿನಗಳ ವಾಸವು ಇರಬೇಕೆಂದು ನಿಯಮವಿದ್ದಿತು. ಆದರೆ ನಿರಾಶ್ರಿತನು ತಾನು ಈ ಊರಿನಲ್ಲಿ ಶಾಶ್ವತವಾಗಿ ನೆಲೆಸಲು ಬಯಸುತ್ತೇನೆಂದು ಹೇಳಿಕೆ ಕೊಟ್ಟರೆ ಸಾಕು, ಅವನ ಹೆಸರನ್ನು ಬರೆದುಕೊಳ್ಳತಕ್ಕದ್ದೆಂದು ಆ ಕಾರ್ಯಾಲಯವು ತಿಳಿಸಿತು. ಹೈದರಾಬಾದು ಆಗ ಇನ್ನೂ ಒಕ್ಕೂಟಕ್ಕೆ ಸೇರಿರಲಿಲ್ಲವಾದರೂ, ಈ ತತ್ತ್ವವು ನೆನಪಿಡಬೇಕಾದುದು. ಮನೆಯಿಲ್ಲದವನಿಗೆ ಮನೆ ಸಿಗುವುದಕ್ಕೆ ಮುಂಚೆಯೇ ಮತ ಸಿಗಬೇಕೆಂಬುದು ಅದರ ಅರ್ಥ. ಮತವಿಲ್ಲದ ನಿರಾಶ್ರಿತನು ಇತರರ ಭಾಷಣದ ವಸ್ತುವಾಗುತ್ತಾನೆ. ಮತವುಳ್ಳ ನಿರಾಶ್ರಿತನ ಗುಡಿಸಲಿಗೆ ಅಭ್ಯರ್ಥಿಯೇ ನಡೆದುಬರುತ್ತಾನೆ.

೧೯೫೨ರ ಫಲಿತಾಂಶಗಳನ್ನು ನೋಡಿರಿ. ಹೈದರಾಬಾದಿನ ವಿಧಾನಸಭೆಯ ೧೭೫ ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ೯೩ ದೊರೆತವು. ಕಮ್ಯೂನಿಸ್ಟರ ಮುಂದಾಳುತನದ ಪಕ್ಷಕ್ಕೆ ೪೨, ಅವುಗಳಲ್ಲಿ ಬಹುಪಾಲು ತೆಲಂಗಾಣದವು. ಲೋಕಸಭೆಗೆ ಕಲಬುರ್ಗಿಯಿಂದ ಆರಿಸಿಬಂದವರು ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾಗಿ ಸೆರೆವಾಸವನ್ನು ಅನುಭವಿಸಿದ್ದ ಸ್ವಾಮಿ ರಾಮಾನಂದ ತೀರ್ಥರು. ಕುಷ್ಟಗಿಯಿಂದ ಗೆದ್ದವರು ಮುಂಡರಗಿ ಶಿಬಿರದ ಶಿವಮೂರ್ತಿ ಸ್ವಾಮಿಗಳು. ಅದೂ ಯಾವ ಪಕ್ಷದ ಚಿಹ್ನೆಯೂ ಇಲ್ಲದೆ, ಸ್ವತಂತ್ರರಾಗಿ. ಕಷ್ಟಕಾಲದಲ್ಲಿ ಗಂಜಿ ಹಾಕಿದ ಕೈಯನ್ನು ಜನರು ಚೀಟಿ ಹಾಕುವಾಗ ನೆನೆದರೆಂದು ಊಹಿಸಿದರೆ ತಪ್ಪಾಗಲಾರದು. ಮೂರನೆಯದು ಎಲ್ಲಕ್ಕಿಂತ ವಿಚಾರಾರ್ಹವಾದುದು. ಗೋರಟಾದ ಗಾಯವನ್ನೂ ಅನಂತರದ ಪ್ರತೀಕಾರದ ಗಾಯವನ್ನೂ ಹೊತ್ತಿದ್ದ ಬೀದರವು ಕಾಂಗ್ರೆಸ್ಸಿನ ಶೌಕತುಲ್ಲಾ ಷಾ ಅನ್ಸಾರಿಯವರನ್ನು ಲೋಕಸಭೆಗೆ ಕಳುಹಿಸಿತು. ನಾಲ್ಕೇ ವರ್ಷಗಳ ಹಿಂದೆ ಮತಕ್ಕಾಗಿ ರಕ್ತ ಹರಿದ ನೆಲದಲ್ಲಿ ಹಿಂದೂ ಬಹುಸಂಖ್ಯಾತರು ಒಬ್ಬ ಮುಸ್ಲಿಮನಿಗೆ ಮತವಿತ್ತರು. ಪಕ್ಷದ ಪ್ರಭಾವ, ನಾಯಕರ ವರ್ಚಸ್ಸು ಮುಂತಾದ ಕಾರಣಗಳು ಇದರಲ್ಲಿ ಇದ್ದೇ ಇದ್ದವು. ಆದಾಗ್ಯೂ ನೋವು ತನ್ನಷ್ಟಕ್ಕೆ ತಾನೇ ದ್ವೇಷದ ಮತವಾಗುವುದಿಲ್ಲ, ಯಾರಾದರೂ ಹಾಗೆ ಮಾಡಿದಾಗ ಮಾತ್ರ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿರಾಶ್ರಿತರ ಮತಕ್ಕೆ ಔಷಧವು ಯಾವುದೆಂಬುದನ್ನು ಜರ್ಮನಿಯ ಉದಾಹರಣೆಯಿಂದ ತಿಳಿಯಬಹುದು. ಎರಡನೆಯ ಮಹಾಯುದ್ಧದ ತರುವಾಯ ಪೂರ್ವದ ಪ್ರಾಂತಗಳಿಂದ ಸುಮಾರು ೧ ಕೋಟಿ ೨೦ ಲಕ್ಷ ಜರ್ಮನರು ಹೊರದೂಡಲ್ಪಟ್ಟು ಬಂದರು. ಬಂದವರದೂ ಅದೇ ಭಾಷೆ. ಆದರೂ ಸ್ಥಳದ ರೈತರು ಅವರನ್ನು ಹೊರೆಯೆಂದು ಕಂಡರು. ೧೯೫೦ರಲ್ಲಿ ಅವರು ತಮ್ಮದೇ ಪಕ್ಷವನ್ನು ಕಟ್ಟಿ, ಉತ್ತರದ ಷ್ಲೆಸ್ವಿಗ್ ಹೋಲ್‌ಸ್ಟೈನ್ ಪ್ರಾಂತದಲ್ಲಿ ಆ ವರ್ಷವೇ ಶೇಕಡಾ ೨೩ಕ್ಕಿಂತ ಹೆಚ್ಚು ಮತ ಗಳಿಸಿದರು. ೧೯೫೨ರಲ್ಲಿ, ಆಸ್ತಿ ಉಳಿದವರಿಂದ ತೆರಿಗೆಯೆತ್ತಿ ಆಸ್ತಿ ಕಳೆದುಕೊಂಡವರಿಗೆ ಪರಿಹಾರ ಕೊಡುವ ಶಾಸನವು ಪಶ್ಚಿಮ ಜರ್ಮನಿಯಲ್ಲಿ ಜಾರಿಗೆ ಬಂದಿತು, ಕೈಗಾರಿಕೆಗಳೂ ಬೆಳೆದವು. ೧೯೫೩ರಲ್ಲಿ ರಾಷ್ಟ್ರದ ಸಂಸತ್ತಿನಲ್ಲಿ ೨೭ ಸ್ಥಾನಗಳನ್ನು ಪಡೆದಿದ್ದ ಆ ಪಕ್ಷವು ೧೯೫೭ರಲ್ಲಿ ಒಂದನ್ನೂ ಪಡೆಯಲಿಲ್ಲ. ಮನೆ ಸಿಕ್ಕವನಿಗೆ, ಕೆಲಸ ಸಿಕ್ಕವನಿಗೆ ನಿರಾಶ್ರಿತರ ಪಕ್ಷವು ಬೇಕಾಗಲಿಲ್ಲ.

ನಮ್ಮ ಸೀಮೆಯಲ್ಲಿ ಮೂರನೆಯ ಪ್ರವಾಹದವರಿಗೆ ಅಂಥ ಪೂರ್ಣವಾದ ಪರಿಹಾರ ಸಿಗಲಿಲ್ಲ. ೧೯೪೯ರಲ್ಲಿ ಜಹಗೀರುಗಳು ರದ್ದಾದವು, ಅದು ನ್ಯಾಯವೇ. ಆದರೆ ಜಹಗೀರನ್ನೂ ಹಳೆಯ ಸರ್ಕಾರದ ಚಾಕರಿಯನ್ನೂ ನೆಚ್ಚಿದ್ದ ಸಣ್ಣ ನೌಕರರು ಒಮ್ಮೆಲೇ ಬೀದಿಗೆ ಬಿದ್ದರು. ಪರಿಹಾರವಾಗದ ದುಃಖವು ಮಾಯವಾಗುವುದಿಲ್ಲ. ಅದು ಒಂದು ತಲೆಮಾರು ಕಾದು, ಮತ್ತೊಂದು ಹೆಸರಿನಲ್ಲಿ ಬರುತ್ತದೆ.

೧೯೫೬ರಲ್ಲಿ ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅನಂತರದ ತಲೆಮಾರಿನಲ್ಲಿ ಚಿತ್ತಾಪುರದ ಮತದಾರರು ಆರಿಸಿದ ಒಬ್ಬರ ಬಾಳನ್ನು ನೋಡಬಹುದು. ಬೀದರ ಜಿಲ್ಲೆಯ ವರವಟ್ಟಿಯಲ್ಲಿ ೧೯೪೨ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ೧೯೪೮ರ ಬೆಂಕಿಯಲ್ಲಿ ತಾಯಿಯನ್ನೂ ತಂಗಿಯನ್ನೂ ಕಳೆದುಕೊಂಡು, ತಂದೆಯೊಡನೆ ಕಲಬುರ್ಗಿಗೆ ಬಂದ ಬಾಲಕ. ೧೯೭೨ರಿಂದ ಗುರುಮಠಕಲ್ ಕ್ಷೇತ್ರದಿಂದಲೂ, ೨೦೦೮ರಲ್ಲಿ ಚಿತ್ತಾಪುರದಿಂದಲೂ ಅವರು ವಿಧಾನಸಭೆಗೆ ಆರಿಸಿಬಂದರು. ೨೦೨೪ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಚುನಾವಣೆಯ ಸಭೆಗಳಲ್ಲಿ, ಉತ್ತರ ಪ್ರದೇಶದ ಮುಖ್ಯಮಂತ್ರಿಗಳು ಈ ಮನೆಯ ದುರಂತವನ್ನೆತ್ತಿ, ಓಟಿಗಾಗಿ ಖರ್ಗೆಯವರು ಅದನ್ನು ಮುಚ್ಚಿಟ್ಟಿದ್ದಾರೆಂದು ಆಕ್ಷೇಪಿಸಿದರು. ೨೦೧೩ರಿಂದ ಚಿತ್ತಾಪುರದಿಂದ ಗೆದ್ದುಬಂದಿದ್ದ ಅವರ ಮಗ ಪ್ರಿಯಾಂಕ್ ಖರ್ಗೆಯವರು, ಆ ಕೃತ್ಯವು ರಜಾಕಾರರದು, ಇಡೀ ಸಮುದಾಯದ್ದಲ್ಲ ಎಂಬ ಅರ್ಥದ ಉತ್ತರವನ್ನು ಕೊಟ್ಟರು. ಅದಕ್ಕೆ ಹಿಂದಿನ ವರ್ಷ, ೨೦೨೩ರ ಮಾರ್ಚಿನಲ್ಲಿ, ಕರ್ನಾಟಕದ ವಿಧಾನಸಭಾ ಚುನಾವಣೆಗೆ ಕೆಲವೇ ವಾರಗಳಿರುವಾಗ ಗೋರಟಾದಲ್ಲಿ ಹುತಾತ್ಮರ ಸ್ಮಾರಕವು ಕೇಂದ್ರದ ಗೃಹಮಂತ್ರಿಗಳಿಂದ ಅನಾವರಣಗೊಂಡಿತು. ಯಾವ ಪಕ್ಷದ ಮಾತು ಸರಿಯೆಂದು ತೀರ್ಪು ಹೇಳುವುದು ಈ ಭಾಷಣದ ಕೆಲಸವಲ್ಲ. ಸತ್ತವರಿಗೆ ಸ್ಮಾರಕ ಬೇಕು, ಅದರಲ್ಲಿ ಸಂದೇಹವಿಲ್ಲ. ಗಮನಿಸಬೇಕಾದುದಿಷ್ಟೇ: ಎಪ್ಪತ್ತೈದು ವರ್ಷಗಳ ಹಿಂದೆ ಮನೆ ಸುಟ್ಟ ಕಥೆಯು ಇಂದಿಗೂ ಚುನಾವಣೆಯ ಕಣದಲ್ಲಿ ನಡೆಯುವ ನಾಣ್ಯವಾಗಿದೆ, ಮತ್ತು ಒಂದೇ ಕಥೆಯಿಂದ ಎರಡು ವಿರುದ್ಧವಾದ ನೀತಿಗಳನ್ನು ತೆಗೆಯಲು ಸಾಧ್ಯವಿದೆ.

ಆದಕಾರಣ, ನಗರಗಳಲ್ಲಿ ಪತ್ರಿಕೆಯನ್ನೋದಿ ರೇಡಿಯೋ ಕೇಳುವ ವಿದ್ಯಾವಂತರ ಹೊಣೆಯು ದೊಡ್ಡದು. ಗಾಳಿಮಾತು ಸಂತೆಯಲ್ಲಿ ಹುಟ್ಟಬಹುದು. ಅದಕ್ಕೆ ಮರ್ಯಾದೆ ಬರುವುದು ನಮ್ಮ ಬಾಯಿಂದ. ನಿರಾಶ್ರಿತರನ್ನು ಕುರಿತ ಯಾವ ಸುದ್ದಿಯನ್ನು ಕೇಳಿದಾಗಲೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಈ ಕಥೆಯನ್ನು ಹೇಳುತ್ತಿರುವವನು ಅದನ್ನು ಅನುಭವಿಸಿದವನೋ, ಅದರಿಂದ ಲಾಭ ಪಡೆಯುವವನೋ? ಇದೇ ಊರಿನಲ್ಲಿ ಹೇಳದೆ ಉಳಿದ ಇನ್ನೊಂದು ಕಥೆಯುಂಟೆ? ಬಂದವನಿಗೆ ಊಟ, ಸೂರು, ಕೆಲಸಗಳೊಡನೆ ಮತದಾರರ ಪಟ್ಟಿಯಲ್ಲಿ ಹೆಸರನ್ನೂ ಕೊಡಿಸಲು ಊರಿನವರು ಏನು ಮಾಡಿದ್ದಾರೆ? ಮೊದಲ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಕುಳಿತಲ್ಲಿಯೇ ಹುಡುಕಬಹುದು. ಮೂರನೆಯದಕ್ಕೆ ಎದ್ದು ತಾಲ್ಲೂಕು ಕಚೇರಿಯವರೆಗೆ ನಡೆಯಬೇಕಾಗುತ್ತದೆ; ಅಷ್ಟು ದೂರ ನಡೆಯುವವರು ಹತ್ತು ಜನರಿದ್ದರೂ ಊರಿಗೆ ಉಪಕಾರವಾದೀತೆಂದು ಹೇಳಿ ಈ ಭಾಷಣವನ್ನು ಮುಗಿಸುತ್ತೇನೆ.